ಬಂಡಿ ತಂಗಿಸತಕ್ಕದ್ದಲ್ಲ

ನಮ್ಮ ಬೀದಿಯ ಕೊನೆಮನೆಯ ಅಳಿಯ ಮೊನ್ನೆ ಮುನಿಸಿಪಾಲಿಟಿಯಲ್ಲಿ ದಫೇದಾರನಾಗಿ ಸೇರಿದ. ಎದೆಗೆ ಅಡ್ಡಪಟ್ಟಿ, ಅದರ ಮೇಲೆ ಫಳಫಳ ಹೊಳೆಯುವ ಹಿತ್ತಾಳೆ ಬಿಲ್ಲೆ. ಬಂದವನೇ ನನ್ನ ಕಾಲು ಮುಟ್ಟಿ, "ದೊಡ್ಡಪ್ಪಾ, ಈ ಕೆಲ್ಸ ಹೆಂಗಿರ್ತೈತೆ? ಒಂದೆಲ್ಡು ಬುದ್ಧಿಮಾತು ಹೇಳು" ಅಂದ. ಕಾಫಿ ಕುಡಿಸಿ ಕಳಿಸಿದೆ. ಇರುವುದೆಲ್ಲ ಆವತ್ತೇ ಹೇಳಿಬಿಟ್ಟಿದ್ದರೆ ಆ ಬಿಲ್ಲೆಯನ್ನು ನಮ್ಮ ಜಗುಲಿಯ ಮೇಲೇ ಕಿತ್ತಿಟ್ಟು ಹೋಗುತ್ತಿದ್ದನೋ ಏನೋ. ಅದಕ್ಕೇ ಬರೆದಿಡುತ್ತಿದ್ದೇನೆ. ಓದಲಿ. ಆಮೇಲೆ ಕಿತ್ತಿಡುವುದಾದರೆ ಕಿತ್ತಿಡಲಿ.

ಮಹಾರಾಜರ ಸರ್ಕಾರದಲ್ಲಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ಊರಿನ ಮುನಿಸಿಪಾಲಿಟಿಯಲ್ಲಿ ದಫೇದಾರನಾಗಿ ಅನ್ನ ತಿಂದವನು ನಾನು. ನಾಲ್ಕು ಊರಿನವರೂ ನಾ ಮುಂದು ತಾ ಮುಂದು ಎಂದು ಕರೆದು ಕೆಲಸ ಕೊಟ್ಟರು ಎಂದುಕೊಳ್ಳಬೇಡಿ. ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಹುಡುಕಿಕೊಂಡೆ, ಅಷ್ಟೆ. ಈಗ ಹೇಳಹೊರಟಿರುವುದು ಯಾವ ಊರಿನದು ಎಂದು ಮಾತ್ರ ಕೇಳಬೇಡಿ. ಆ ಜನರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ದಾರಿಯಲ್ಲಿ ಸಿಕ್ಕಿದರೆ ನಮಸ್ಕಾರ ಅನ್ನುತ್ತಾರೆ. ಅವರ ತಪ್ಪೇನೂ ಇಲ್ಲ.

ಆ ಊರಿಗೆ ಮೋಟಾರು ಬಸ್ಸು ಬಂದ ಹೊಸತು. ಬೆಳಕು ಹರಿಯುವ ಮುಂಚೆಯೇ ಬಸ್ಸು ಹೊರಡುತ್ತಿತ್ತು. ಸಂತೆಗೆ ಬಂದ ಬಂಡಿಗಳೆಲ್ಲ ರಸ್ತೆಯ ಪಕ್ಕದಲ್ಲೇ ಎತ್ತುಗಳ ಕೊರಳು ಬಿಚ್ಚಿ ತಂಗುತ್ತಿದ್ದವು. ಒಂದು ದಿನ ಕತ್ತಲಲ್ಲಿ ಕಾಣದೆ ಬಸ್ಸಿನವನು ಮಲಗಿದ್ದ ಎತ್ತಿನ ಕಾಲ ಮೇಲೆ ಹತ್ತಿಸಿಬಿಟ್ಟ. ಪಾಪದ ಪ್ರಾಣಿ ಮತ್ತೆ ಏಳಲಿಲ್ಲ. ಅದಾದ ಮೇಲೆ ಹುಕುಂ ಆಯಿತು: ದೀಪ ಹಚ್ಚುವ ಹೊತ್ತಿನಿಂದ ಹೊತ್ತು ಮೂಡುವವರೆಗೆ ರಸ್ತೆಯಲ್ಲಿ ಬಂಡಿ ಬಿಡಕೂಡದು, ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ಬಿಟ್ಟುಕೊಳ್ಳಬೇಕು. ಈ ಹುಕುಂ ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಒಳ್ಳೆಯ ಹುಕುಮೇ. ಅದು ಕೆಟ್ಟದ್ದು ನಮ್ಮಂಥವರ ಕೈಗೆ ಬಂದ ಮೇಲೆ.

ನಮ್ಮ ಓವರ್ಸಿಯರ್ ಒಬ್ಬ ಇದ್ದ. ಹೆಸರು ಬರೆಯುವುದಿಲ್ಲ, ಬರೆದರೆ ಮತ್ತೆ ಸ್ನಾನ ಮಾಡಬೇಕಾಗುತ್ತದೆ. ಹುಣಸೆತೋಪಿನ ರಸ್ತೆ ಊರಿಗೆ ಸೇರುವ ಕಡೆ ಬೋರ್ಡು ನೆಡಿಸುವ ಕೆಲಸ ಅವನದು, ಗುಂಡಿ ತೋಡಿಸುವ ಕೆಲಸ ನನ್ನದು. ಬೋರ್ಡಿನಲ್ಲಿ ಮೇಲೆ ಗೇಣುದ್ದ ಇಂಗ್ಲಿಷು. ಅದರ ಕೆಳಗೆ ಇರುವೆ ಸಾಲಿನ ಹಾಗೆ ಕನ್ನಡ: "ಸೂರ್ಯಾಸ್ತಾನಂತರ ಸೂರ್ಯೋದಯ ಪರ್ಯಂತರ ಬಂಡಿ ವಗೈರೆ ವಾಹನಗಳನ್ನು ಈ ಸರಹದ್ದಿನೊಳಗೆ ತಂಗಿಸತಕ್ಕದ್ದಲ್ಲ." ಎಲ್ಲಿ ತಂಗಿಸಬೇಕು ಎಂಬ ಒಂದು ಅಕ್ಷರವೂ ಇಲ್ಲ. ಹೋಗಲಿ ಎಂದರೆ, ಕಂಬ ನಿಲ್ಲಿಸುವಾಗ ಬೋರ್ಡಿನ ಮುಖವನ್ನು ಊರ ಒಳಕ್ಕೆ, ಮುಸಾಫಿರಿ ಬಂಗಲೆಯ ಕಡೆಗೆ ತಿರುಗಿಸಲು ಹೇಳಿದ.

"ಸ್ವಾಮಿ, ಬಂಡಿಗಳು ಬರೋದು ಆ ಕಡೆಯಿಂದ. ಅವ್ರಿಗೆ ಹಲಗೆ ಬೆನ್ನೇ ಅಲ್ಲವ ಕಾಣೋದು?" ಅಂದೆ.

"ಡೆಪ್ಯುಟಿ ಕಮಿಷನರ್ ಸಾಹೇಬರು ಬಂಗಲೇಲಿ ಇಳ್ಕೋತಾರೆ. ಅವರ ಕಣ್ಣಿಗೆ ಬೀಳ್ಬೇಕು. ನಿನ್ನ ಕೇಳಿದ್ನೇನೋ?" ಅಂದ.

ಕೇಳಿರಲಿಲ್ಲ. ಗುಂಡಿಗೆ ಮಣ್ಣು ಮುಚ್ಚಿದೆ.

ನಮ್ಮ ಸೀಮೆಯಲ್ಲಿ ಒಂದು ವಾಡಿಕೆಯುಂಟು. ಪುಣ್ಯ ಬೇಕೆಂದವರು ದಾರಿಯ ಬದಿಯಲ್ಲಿ, ಮರದ ನೆರಳು ನೋಡಿ, ಎತ್ತು ಕಟ್ಟುವುದಕ್ಕೆ ಗಟ್ಟಿ ಗೂಟ ನೆಡಿಸುತ್ತಿದ್ದರು, ಪಕ್ಕದಲ್ಲಿ ನೀರಿನ ಬಾನಿ ಇಡಿಸುತ್ತಿದ್ದರು. ದಾರಿಬದಿಯಲ್ಲಿ ಹೊಸ ಕಂಬ ಕಂಡರೆ ಬಂಡಿಯವನಿಗೆ ಅದು ತನ್ನ ಎತ್ತಿಗೆಂದೇ ಅರ್ಥ. ಇದು ಕೂಸಿಗೂ ಗೊತ್ತಿರುವ ಮಾತು. ನಮ್ಮ ಓವರ್ಸಿಯರಿಗೆ ಮಾತ್ರ ಗೊತ್ತಿರಲಿಲ್ಲ. ಹೊನ್ನೆ ಮರದ ಕಂಬ ಅದು, ಆನೆ ಕಟ್ಟಿದರೂ ಅಲುಗದು. ಎರಡೇ ಸಂತೆಯೊಳಗೆ ಅಲ್ಲಿ ಹಿಂದೆಂದೂ ಇಲ್ಲದಷ್ಟು ಬಂಡಿ. ತೋವಿನಕೆರೆಯಿಂದ ರಾಗಿ ಹೇರಿಕೊಂಡು ಬಂದಿದ್ದ ಒಬ್ಬ ಮುದುಕಪ್ಪ ಕಂಬದ ಬೆನ್ನು ತಟ್ಟಿ, "ಎಂಥಾ ಕಂಬ ಕಣಣ್ಣೋ! ಯಾವ ಪುಣ್ಯಾತ್ಮ ನೆಡ್ಸುದ್ನೋ, ಅವ್ನ ಹೊಟ್ಟೆ ತಣ್ಣಗಿರ್ಲಿ" ಅಂದ. ಆ ಪುಣ್ಯಾತ್ಮನ ಬಾಯಿಂದ ನಾನು ಆವತ್ತು ಕೇಳಿದ ಬೈಗುಳ ಒಂದೆರಡಲ್ಲ.

ಸಂತೆಬೀದಿಯ ಬೋರ್ಡಿನದು ಇನ್ನೊಂದು ಪ್ರಹಸನ. ಓದು ಬಾರದವರಿಗೆ ತಿಳಿಯಲೆಂದು ಸಿರಾದಿಂದ ಬಣ್ಣದ ಸಾಬರೊಬ್ಬರನ್ನು ಕರೆಸಿದರು. ಒಳ್ಳೆಯ ಕೈ. "ಅಕ್ಷರ ಯಾತಕ್ಕೆ ಮಿಯಾ, ತಸ್ವೀರು ಬರೀತೀನಿ ನೋಡಿ" ಎಂದು ಒಂದು ಬಂಡಿಯ ಚಿತ್ರ ಬರೆದು, ಅದರ ಮೇಲೆ ಕೆಂಪು ಪಟ್ಟಿ ಅಡ್ಡ ಎಳೆದರು. ಮಾರನೆಯ ಸಂತೆಗೆ ಚಿತ್ರದ ಕೆಳಗೆ ಬಂಡಿಗಳು ಸಾಲುಗಟ್ಟಿ ನಿಂತವು. ಬಂಡಿ ಬರೆದಿದ್ದಾರೆ ಎಂದರೆ ಅದು ಬಂಡಿ ನಿಲ್ಲುವ ಜಾಗವೇ ತಾನೆ? ಕೆಂಪು ಪಟ್ಟಿ ಏನೆಂದುಕೊಂಡಿರಿ ಎಂದು ಒಬ್ಬನನ್ನು ಕೇಳಿದೆ. "ಅದು ಮೂಕಿ ಅಲ್ಲೇನಣ್ಣ? ವಸಿ ಸೊಟ್ಟಕೆ ಬರ್ದವ್ರೆ" ಅಂದ. ಮೂಕಿ ಎಂದರೆ ಬಂಡಿಯಿಂದ ನೊಗದವರೆಗೆ ಬರುವ ಉದ್ದನೆಯ ಮರ. ಸಾಬರು ಕೇಳಿಸಿಕೊಂಡು ಹಣೆ ಚಚ್ಚಿಕೊಂಡರು.

ಇಲ್ಲಿಯವರೆಗೆ ನಗಬಹುದು. ನಾನೂ ನಕ್ಕಿದ್ದೇನೆ. ಮುಂದಿನದಕ್ಕೆ ನಗು ಬರುವುದಿಲ್ಲ.

ಊರೆಲ್ಲ ಆಡಿಕೊಂಡು ನಕ್ಕಿತೆಂದು ಓವರ್ಸಿಯರ್ ಉರಿದುಬಿದ್ದ. ನನ್ನನ್ನು ಕರೆದು, "ಇನ್ಮೇಲೆ ಯಾರಿಗೂ ಬಾಯಲ್ಲಿ ಹೇಳಕೂಡದು. ಬೋರ್ಡು ಇದೆ, ನೋಡ್ಕೊಳ್ಳಲಿ. ತಪ್ಪಿದವರ ಎತ್ತನ್ನ ಬೆಳಿಗ್ಗೆ ದೊಡ್ಡಿಗೆ ಹೊಡಿ" ಅಂದ. ದೊಡ್ಡಿ ಎಂದರೆ ಬೀಡಾಡಿ ದನ ಕೂಡಿಹಾಕುವ ಸರ್ಕಾರಿ ಕೊಟ್ಟಿಗೆ. "ಒಂದು ಮಾತು ಹೇಳಿದ್ರೆ ಅವ್ರೇ ಎದ್ದು ಏರಿ ಕೆಳಕ್ಕೆ ಹೋಗ್ತಾರಲ್ಲ ಸ್ವಾಮಿ" ಅಂದೆ. "ಹೇಳ್ತಾ ಕೂತ್ರೆ ಒಬ್ಬನೂ ಸಿಕ್ಕೋದಿಲ್ಲ ಕಣೋ" ಅಂದ. ಈ ಮಾತನ್ನು ಗಮನಿಸಿ. ರಸ್ತೆ ಖಾಲಿಯಾಗುವುದು ಆ ಮನುಷ್ಯನಿಗೆ ಬೇಕಿರಲಿಲ್ಲ. ಸಿಕ್ಕಿಕೊಳ್ಳುವವರು ಬೇಕಿತ್ತು.

ಮುಂದಿನ ಸಂತೆಯ ಹಿಂದಿನ ಸಂಜೆ. ನಾನು ಆ ಕಂಬದಿಂದ ಹತ್ತು ಮಾರು ದೂರದಲ್ಲಿದ್ದೆ. ಎದುರಿನ ಹೋಟಲಿನ ಜಗುಲಿಯಲ್ಲಿ ಓವರ್ಸಿಯರ್ ಕಾಫಿ ಕುಡಿಯುತ್ತಿದ್ದ. ಪಕ್ಕದಲ್ಲಿ ಅವನ ಇಸ್ಪೀಟಿನ ಗೆಳೆಯ, ಮರದ ಕಂಟ್ರಾಕ್ಟರ್. ಆಗ ಹುಲಿಕುಂಟೆ ಕಡೆಯಿಂದ ಒಂದು ಕಂಬಳಿ ಬಂಡಿ ಬಂತು. ಹೊಡೆಯುತ್ತಿದ್ದವಳು ಹೆಂಗಸು. ಈರಮ್ಮ ಎಂದು ಹೆಸರು, ಕುರುಬರವಳು. ಗಂಡ ಕುರಿ ಹೊಡೆದುಕೊಂಡು ಮೇವಿನ ಬೆನ್ನು ಹತ್ತಿ ಹೋದರೆ, ನೇಯ್ದ ಕಂಬಳಿಗಳನ್ನು ಸಂತೆಯಿಂದ ಸಂತೆಗೆ ಒಯ್ಯುವವಳು ಇವಳು. ಎತ್ತುಗಳೋ, ಕಣ್ಣು ಕಿತ್ತರೂ ಬಾರದು, ಅಂಥ ಜೋಡಿ. ಒಂದು ಮಾಸಲು ಬಿಳಿ, ಒಂದು ಕಂದು. ಕಂಟ್ರಾಕ್ಟರ್ ಲೋಟ ಕೆಳಗಿಟ್ಟು ಎದ್ದುನಿಂತು ನೋಡಿದ್ದನ್ನು ನಾನು ಕಂಡೆ.

ಈರಮ್ಮ ಬಂಡಿ ನಿಲ್ಲಿಸಿ ನನ್ನನ್ನೇ ಕೇಳಿದಳು: "ದಫೇದಾರಣ್ಣಾ, ಇಲ್ಲಿ ಎತ್ತು ಕಟ್ಬೋದೇನಣ್ಣಾ?"

ಓವರ್ಸಿಯರ್ ಜಗುಲಿಯಿಂದ ನನ್ನನ್ನೇ ನೋಡುತ್ತಿದ್ದ. ಕೈ ಎತ್ತಿ ಬೋರ್ಡಿನ ಕಡೆ ತೋರಿಸಿದೆ. ಬೋರ್ಡು ನೋಡಮ್ಮ ಎಂದು ನನ್ನ ಮನಸ್ಸಿನಲ್ಲಿದ್ದದ್ದು. ಅವಳಿಗೆ ಕಂಡದ್ದು ಒಂದು ಬೋಳು ಹಲಗೆ, ಅದರ ಕೆಳಗೊಂದು ಗಟ್ಟಿ ಕಂಬ. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಣ್ಣ" ಎಂದು ಹರಸಿ, ಹೋಗಿ ಅದೇ ಕಂಬಕ್ಕೆ ಎರಡೂ ಎತ್ತು ಕಟ್ಟಿದಳು. ಕಟ್ಟುವುದನ್ನು ನಾನು ನಿಂತು ನೋಡಿದೆ. ಆಮೇಲೆ ಮನೆಗೆ ಹೋಗಿ ಊಟ ಮಾಡಿದೆ.

ಬೆಳಗಾಗುತ್ತಲೇ ಎತ್ತುಗಳನ್ನು ಬಿಚ್ಚಿ ದೊಡ್ಡಿಗೆ ನಡೆಸಿದವನೂ ನಾನೇ. ಮುಖ ತೊಳೆಯಲು ಹೋಗಿದ್ದವಳು ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಲೇ, ಲೇ! ಎತ್ಲಾಗ್ ಹೊಡ್ಕೊಂಡ್ ಹೋಗ್ತಿದ್ದೀಯಲಾ? ನಿನ್ನೆ ಕಟ್ಟು ಅಂತ ನೀನೇ ಕೈ ತೋರ್ಸುಬುಟ್ಟು, ಈಗ ನೀನೇ ಬಿಚ್ಕೊಂಡ್ ಹೋಗ್ತೀಯಾ? ಹೊಟ್ಟೆಗೆ ಏನ್ ತಿಂತೀಯ ನೀನು?"

ಏನು ತಿನ್ನುತ್ತಿದ್ದೆನೋ ಅದನ್ನು ಓವರ್ಸಿಯರ್ ಆಫೀಸಿನಲ್ಲಿ ಬರೆಸಿದ. ರಿಜಿಸ್ಟರಿನಲ್ಲಿ ಹೀಗೆ: "ಬೋರ್ಡನ್ನು ತೋರಿಸಿ ತಿಳಿವಳಿಕೆ ಕೊಟ್ಟಾಗ್ಯೂ ಬಂಡಿಯವಳು ಉದ್ಧಟತನದಿಂದ ಎತ್ತುಗಳನ್ನು ಕಟ್ಟಿರುತ್ತಾಳೆ." ಕೆಳಗೆ ನನ್ನ ರುಜು. ಹಾಕಿದೆ. ಎರಡು ಹೆಣ್ಣುಮಕ್ಕಳಿದ್ದರು, ಮನೆ ಬಾಡಿಗೆ ಇತ್ತು, ಅದು ಇತ್ತು, ಇದು ಇತ್ತು. ನೆಪಕ್ಕೇನು ಬರ! ಹಾಕಬಾರದಿತ್ತು, ಹಾಕಿದೆ.

ದಂಡ ಕೊಟ್ಟು ಬಿಡಿಸಿಕೊಂಡು ಹೋಗಲು ಅವಳು ತಯಾರಿದ್ದಳು. ಓವರ್ಸಿಯರ್ ಬಿಡಲಿಲ್ಲ. ಎತ್ತು ನಿನ್ನದೇ ಎನ್ನುವುದಕ್ಕೆ ಶಾನುಭೋಗರ ಚೀಟಿ ತಾ ಅಂದ. ಹುಲಿಕುಂಟೆಗೆ ನಡೆದುಕೊಂಡು ಹೋಗಿ, ಚೀಟಿ ಹಿಡಿದು ನಡೆದುಕೊಂಡೇ ಬಂದಳು. ಹಿಮ್ಮಡಿ ಬಿರಿದು ರಕ್ತ ಒಸರುತ್ತಿತ್ತು. ಚೀಟಿ ನೋಡಿ, "ಇದರಲ್ಲಿ ನಿನ್ನ ಗಂಡನ ಹೆಸರಿದೆ. ಅವನೇ ಬರ್ಬೇಕು" ಅಂದ.

"ಅವ್ನು ಕುರಿ ಹೊಡ್ಕೊಂಡು ಪಾವಗಡದಿಂದಾಚ್ಗೆ ಗಡಿ ದಾಟವ್ನೆ ಸ್ವಾಮಿ. ಎಲ್ಲಿ ಹುಲ್ಲೈತೋ ಅಲ್ಲವ್ನೆ. ನಾನೆಲ್ಲಿ ಅಂತ ಹುಡುಕ್ಲಿ?"

"ಅದು ನಿನ್ನ ಹಣೆಬರಹ. ಬರೋ ಸಂತೆಯೊಳಗೆ ಅವನು ಬರ್ದೇ ಇದ್ರೆ ಎತ್ತು ಹರಾಜು."

"ಅಯ್ಯೋ, ಕರ ಆಗಿದ್ದಾಗ್ನಿಂದ ಗಂಜಿ ಕುಡ್ಸಿ ಸಾಕಿದ್ದೀನಿ ಸ್ವಾಮಿ! ಎತ್ತು ಹೋದ್ರೆ ಬಂಡಿ ನಾನೆಳೀಲಾ?"

ಅವನು ತಲೆ ಎತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಕಳ್ಳ ಕದ್ದರೆ ಕದ್ದೆ ಎಂದಾದರೂ ಅವನಿಗೆ ಗೊತ್ತಿರುತ್ತದೆ. ಇವರು ಚೀಟಿ ಕೇಳಿ, ರುಜು ಕೇಳಿ, ಗಡುವು ಕೊಟ್ಟು, ಒಂದೊಂದನ್ನೂ ಸರಿಯಾಗಿ ಬರೆದಿಟ್ಟುಕೊಂಡೇ ದೋಚುತ್ತಾರೆ.

ಈರಮ್ಮ ಊರಿಗೆ ಹೋಗಲಿಲ್ಲ. ಬಂಡಿಯನ್ನು ದೊಡ್ಡಿಯ ಬಾಗಿಲಿಗೆ ತಳ್ಳಿಸಿಕೊಂಡು ಬಂದು, ಅಲ್ಲೇ ಕಂಬಳಿ ಹಾಸಿಕೊಂಡು ಕೂತುಬಿಟ್ಟಳು. ಏರಿಯ ಮೇಲಿನ ಹುಲ್ಲು ಕೊಯ್ದು ತಂದು ಕಟಕಟೆಯ ಸಂದಿನಿಂದ ಎತ್ತುಗಳಿಗೆ ತಿನ್ನಿಸುತ್ತಿದ್ದಳು. ನನ್ನ ಹೆಂಡತಿ ಗಂಗಮ್ಮನಿಗೆ ಇದು ಹೇಗೋ ತಿಳಿದು, ದಿನಾ ಮುದ್ದೆ ಸಾರು ಒಯ್ದು ಕೊಡತೊಡಗಿದಳು. ನನಗೆ ಒಂದು ಮಾತೂ ಹೇಳದೆ. ಹರಾಜಿನ ಹಿಂದಿನ ದಿನ ನನಗೆ ಊಟಕ್ಕೆ ಬಡಿಸಿ, ಎದುರಿಗೆ ಕೂತು ಕೇಳಿದಳು.

"ನೀವು ಕೈ ತೋರಿಸಿದ್ದು ಹೌದೋ ಅಲ್ವೋ?"

"ಬೋರ್ಡು ನೋಡು ಅಂತ ತೋರಿಸ್ದೆ ಕಣೇ."

"ಅವ್ಳು ಕೇಳಿದ್ದು ಬಾಯಲ್ಲಿ. ನೀವ್ಯಾಕೆ ಬಾಯಲ್ಲಿ ಹೇಳ್ಲಿಲ್ಲ?"

ಓವರ್ಸಿಯರ್ ನೋಡುತ್ತಿದ್ದ ಎಂದೆ. "ಹೂಂ. ದೊಡ್ಡಿ ಬಾಗಿಲಲ್ಲಿ ಕೂತವ್ಳು ನಿಮ್ಮ ಅಕ್ಕನೋ ತಂಗಿನೋ ಆಗಿದ್ರೆ ಅವ್ನು ಎಷ್ಟು ನೋಡಿದ್ರೂ ನೀವು ಹೇಳ್ತಿದ್ರಿ" ಎಂದು ಎದ್ದು ಒಳಗೆ ಹೋದಳು.

ಹರಾಜಿನ ದಿನ ದೊಡ್ಡಿಯ ಮುಂದೆ ಜನ ಸೇರಿತ್ತು. ನಮ್ಮ ಪ್ರೆಸಿಡೆಂಟರು ಜವಳಿ ವ್ಯಾಪಾರಿಗಳು, ಹಣೆತುಂಬ ವಿಭೂತಿ, ಯಾರ ಜಗಳಕ್ಕೂ ಹೋಗದ ಮನುಷ್ಯ. ಓವರ್ಸಿಯರ್ ತೋರಿಸಿದ ಕಡೆ ರುಜು ಹಾಕುವುದೇ ಆಡಳಿತ ಎಂದುಕೊಂಡಿದ್ದವರು. ಅವರಿಗೆ ಕುರ್ಚಿ ಹಾಕಿದ್ದರು. ಕಂಟ್ರಾಕ್ಟರ್ ಆಗಲೇ ಬಂದಿದ್ದ. ಅವನ ಹೆಗಲ ಮೇಲೆ ಏನಿತ್ತು ಗೊತ್ತೆ? ಎರಡು ಹೊಸ ಮೂಗುದಾರ! ಇನ್ನೂ ಒಂದು ಕೂಗು ಕೂಗಿಲ್ಲ, ಆಗಲೇ ಎತ್ತಿನ ಮೂಗಿಗೆ ದಾರ ಹೊಸೆಸಿಕೊಂಡು ಬಂದಿದ್ದ. ಅದನ್ನು ನೋಡಿದ್ದೇ ನನ್ನ ಮೈಯೆಲ್ಲ ಹೊತ್ತಿಕೊಂಡಿತು.

ಈರಮ್ಮ ಪ್ರೆಸಿಡೆಂಟರ ಕಾಲಿಗೆ ಬಿದ್ದಳು. "ಬುದ್ದೀ, ನಂಗೆ ಓದು ಬರಾಕಿಲ್ಲ. ಕಟ್ಬೋದಾ ಅಂತ ಈ ಅಣ್ಣನ್ನೇ ಕೇಳ್ದೆ. ಕಂಬದ ಕಡೀಕೆ ಕೈ ತೋರ್ಸ್ತು. ಬೇಕಾರೆ ಕೇಳಿ ಬುದ್ದೀ, ಇಲ್ಲೇ ಐತೆ."

ಓವರ್ಸಿಯರ್ ರಿಜಿಸ್ಟರ್ ಬಿಚ್ಚಿ ಗಟ್ಟಿಯಾಗಿ ಓದಿದ. ಪ್ರೆಸಿಡೆಂಟರು ನನ್ನ ಕಡೆ ತಿರುಗಿ, "ಏನಯ್ಯಾ ಸಿದ್ದಪ್ಪ, ಇದು ನಿನ್ನ ರುಜು ತಾನೆ?" ಅಂದರು.

"ನಂದೇ ಬುದ್ದಿ."

"ಹಾಗಾದ್ರೆ ಬರೆದಿರೋದು ನಿಜ."

"ಸುಳ್ಳು ಬುದ್ದಿ."

ಓವರ್ಸಿಯರ್ "ಲೇ, ಹುಷಾರ್!" ಅಂದ. ಒಂದು ಸಲ ಬಾಯಿ ತೆರೆದ ಮೇಲೆ ನನ್ನ ಬಾಯಿ ಮುಚ್ಚಿಸುವುದು ನನ್ನ ಹೆಂಡತಿಗೇ ಆಗದ ಕೆಲಸ, ಇವನಿಗೆ ಆಗುತ್ತದೆಯೆ?

"ನಾನು ತಿಳಿವಳಿಕೆ ಕೊಡಲಿಲ್ಲ ಬುದ್ದಿ. ಯಾರಿಗೂ ಬಾಯಲ್ಲಿ ಹೇಳಬೇಡ ಅಂತ ಇವರ ಅಪ್ಪಣೆ. ಅವಳು ಕೇಳಿದ್ಲು, ನಾನು ಮೂಗನ ಹಾಗೆ ಕೈ ತೋರಿಸ್ದೆ. ಬೋರ್ಡು ತೋರಿಸ್ದೆ ಅಂತ ಬರೆದಿದ್ದಾರಲ್ಲ, ಆ ಬೋರ್ಡನ್ನ ತಾವೇ ನೋಡಿ. ಆದ್ರೆ ಬಂಗಲೆ ಕಡೆಯಿಂದ ನೋಡಬೇಡಿ. ಇವಳ ಬಂಡೀಲಿ ಕೂತು, ಇವಳು ಬಂದ ದಾರೀಲೇ ಬನ್ನಿ. ಅಲ್ಲಿಂದ ಒಂದು ಅಕ್ಷರ ಕಂಡ್ರೂ ನನ್ನ ಬಿಲ್ಲೆ ಕಿತ್ಕೊಳ್ಳಿ."

ಪ್ರೆಸಿಡೆಂಟರಿಗೆ ಏನನ್ನಿಸಿತೋ, "ಬಂಡಿ ಕಟ್ಟಮ್ಮ" ಅಂದರು. ದೊಡ್ಡಿಯಿಂದ ಎತ್ತು ಬಿಡಿಸಿ ಈರಮ್ಮ ನೊಗ ಹೂಡಿದಳು. ಪ್ರೆಸಿಡೆಂಟರು ಜರತಾರಿ ರುಮಾಲು ಸಮೇತ ಕಂಬಳಿ ಮೂಟೆಗಳ ನಡುವೆ ಹತ್ತಿ ಕೂತರು. ಊರಿನ ಹೊರಗಿನ ಹುಣಸೆತೋಪಿನವರೆಗೆ ಹೋಗಿ ಬಂಡಿ ತಿರುಗಿಸಿದೆವು. ಜನವೆಲ್ಲ ಹಿಂದೆ. ಕಂಬದ ಹತ್ತಿರ ಬಂದಾಗ ಈರಮ್ಮ ಹಗ್ಗ ಎಳೆಯಲಿಲ್ಲ, ಹೋ ಅನ್ನಲಿಲ್ಲ. ಎತ್ತುಗಳು ತಾವೇ ನಿಂತು, ಕಂಬಕ್ಕೆ ಕುತ್ತಿಗೆ ಉಜ್ಜತೊಡಗಿದವು.

ಪ್ರೆಸಿಡೆಂಟರು ಕತ್ತೆತ್ತಿ ನೋಡಿದರು. ಬೋಳು ಹಲಗೆ, ನಾಲ್ಕು ಮೊಳೆಯ ತುದಿ, ಒಂದು ಕಾಗೆಯ ಹಿಕ್ಕೆ.

"ಇಲ್ಲಿಂದ ಏನೂ ಕಾಣೋದಿಲ್ಲವಲ್ಲಯ್ಯಾ" ಅಂದರು.

"ನಾಲ್ಕು ಹೆಜ್ಜೆ ಮುಂದಕ್ಕೆ ಹೋಗಿ ತಿರುಗಿ ನೋಡಿದ್ರೆ ಚೆನ್ನಾಗಿ ಕಾಣುತ್ತೆ, ಸಾರ್" ಅಂದ ಓವರ್ಸಿಯರ್.

"ಊರಿಗೆ ಬರೋರು ಹಿಂದಕ್ಕೆ ಮುಖ ಮಾಡ್ಕೊಂಡು ಬರ್ತಾರೇನ್ರೀ?"

ಜನ ಗೊಳ್ಳೆಂದು ನಕ್ಕಿತು. ಕಂಟ್ರಾಕ್ಟರ್ ಮೂಗುದಾರಗಳನ್ನು ಅಂಗವಸ್ತ್ರದೊಳಗೆ ಮುದುರಿಕೊಂಡ. ಪ್ರೆಸಿಡೆಂಟರು ಕೆಳಗಿಳಿದು ರುಮಾಲಿಗೆ ಅಂಟಿದ್ದ ಉಣ್ಣೆ ಕೊಡವಿಕೊಂಡು, "ನಿನ್ನ ಎತ್ತು ಹೊಡ್ಕೊಂಡು ಹೋಗು ತಾಯಿ" ಅಂದರು. ಈರಮ್ಮ ಅಳಲೂ ಇಲ್ಲ, ನಗಲೂ ಇಲ್ಲ. ಎರಡೂ ಎತ್ತಿನ ಕೊರಳ ಕೆಳಗಿನ ಗಂಗೆದೊಗಲು ಸವರಿ, ಬಂಡಿ ಹತ್ತಿ ಹೊಡೆದೇಬಿಟ್ಟಳು.

ಇಲ್ಲಿಗೆ ನ್ಯಾಯ ಸಿಕ್ಕಿತು ಎಂದುಕೊಂಡಿರಾ? ತಿಂಗಳು ತುಂಬುವುದರೊಳಗೆ ನನ್ನ ಕೆಲಸ ಹೋಯಿತು. ಸುಳ್ಳು ವರದಿಗೆ ರುಜು ಹಾಕಿದ ಅಪರಾಧಕ್ಕೆ. ಹಾಕಿದ್ದು ನಿಜ, ಅಲ್ಲವೆನ್ನಲು ನನಗೆ ಬಾಯಿಲ್ಲ. ಆದರೆ ಆ ಸುಳ್ಳನ್ನು ಹೇಳಿ ಬರೆಸಿದವನು? ಅವನು ಅದೇ ಕುರ್ಚಿಯಲ್ಲಿ ಪಿಂಚಣಿಯವರೆಗೂ ಕೂತ. ಅದೇ ಕಂಟ್ರಾಕ್ಟರ್ ಜತೆ ಅದೇ ಜಗುಲಿಯಲ್ಲಿ ಇಸ್ಪೀಟಾಡಿದ.

ಬಿಲ್ಲೆ ಒಪ್ಪಿಸಿದ ದಿನ ಸಂತೆ ಇತ್ತು. ಮನೆಗೆ ಹೋಗುತ್ತ ಹುಣಸೆತೋಪಿನ ರಸ್ತೆಗೆ ಬಂದೆ. ಪ್ರೆಸಿಡೆಂಟರು ಬೋರ್ಡನ್ನು ತಿರುಗಿಸಿ ಹಾಕಿಸಿದ್ದರು. ಅಕ್ಷರ ಈಗ ಬರುವವರ ಕಡೆಗಿತ್ತು. ಈರಮ್ಮನ ಬಂಡಿ ಬಂದು ನಿಂತಿತು. ನನ್ನ ಎದೆಯ ಮೇಲೆ ಪಟ್ಟಿ ಇಲ್ಲದ್ದನ್ನು ನೋಡಿದಳು. ಬೋರ್ಡಿನ ಕಡೆ ಗದ್ದ ಎತ್ತಿ, "ಏನ್ ಬರ್ದವ್ರೆ, ಓದಣ್ಣ" ಅಂದಳು.

ಓದಿದೆ. ಸೂರ್ಯಾಸ್ತಾನಂತರದಿಂದ ತಕ್ಕದ್ದಲ್ಲದವರೆಗೂ ಓದಿದೆ.

"ಅಂಗಂದ್ರೆ?"

"ಕತ್ತಲಾದ ಮೇಲೆ ಇಲ್ಲಿ ಬಂಡಿ ಬುಡಬೇಡಿ, ಏರಿ ಕೆಳಕ್ಕೆ ಹೋಗಿ ಅಂತ ಕಣಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. "ಇಷ್ಟೇಯಾ? ಅವತ್ತು ನಾನ್ ಕೇಳ್ದಾಗ ಇಷ್ಟು ಹೇಳಕ್ಕೆ ನಿನ್ ಬಾಯಿಗೆ ಏನಾಗಿತ್ತಣ್ಣಾ?" ಅಂದಳು. ಬೈಗುಳವಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ಅವಳು ಎತ್ತು ಚಪ್ಪರಿಸಿ ಏರಿಯ ಕೆಳಕ್ಕೆ ಬಂಡಿ ಇಳಿಸಿದಳು.

ಆಮೇಲೆ ಬೇರೆ ಊರುಗಳಲ್ಲಿ ಕೆಲಸ ಸಿಕ್ಕಿತು. ಅಲ್ಲೂ ಬೋರ್ಡುಗಳಿದ್ದವು. ಕೆಂಪು ಗಾಜಿನ ಲಾಂದ್ರ ತೂಗುಹಾಕುವುದು ಬಂತು, ಸುಣ್ಣ ಬಳಿದ ಕಲ್ಲಿನ ಸಾಲು ಬಂತು, ಸಂತೆಯ ಹಿಂದಿನ ದಿನ ತಮಟೆ ಸಾರಿಸುವುದೂ ಬಂತು. ಎಲ್ಲವೂ ಇರಲಿ ಎಂದು ನಾನು ಮಾತ್ರ ದೀಪ ಹಚ್ಚುವ ಹೊತ್ತಿಗೆ ರಸ್ತೆಯ ಬಾಯಲ್ಲಿ ಹೋಗಿ ನಿಲ್ಲುತ್ತಿದ್ದೆ. ಕೊರಟಗೆರೆಯಲ್ಲಿ ಸಿದ್ದರಬೆಟ್ಟಕ್ಕೆ ಹೋಗುವ ಬಂಡಿಯವರಿಗೂ ಹೇಳಿದೆ. ಪಾವಗಡದಲ್ಲಿ "ಇಕ್ಕಡ ಬಂಡಿ ಆಪೊದ್ದಪ್ಪಾ" ಎಂದು, ಇಲ್ಲಿ ಬಂಡಿ ನಿಲ್ಲಿಸಬೇಡ ಎಂಬುದನ್ನು ಬಂದಷ್ಟು ತೆಲುಗಿನಲ್ಲಿ ಹೇಳಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ದಫೇದಾರನಿಗೆ ಬಾಯಿ ಜಾಸ್ತಿ ಎಂದು ಆಡಿಕೊಂಡರು, ಆಡಿಕೊಳ್ಳಲಿ.

ಅಳಿಯಪ್ಪಾ, ಬಿಲ್ಲೆ ಚೆನ್ನಾಗಿ ಹೊಳೆಯುತ್ತಿದೆ, ಉಜ್ಜಿ ಇಟ್ಟುಕೋ. ಇವತ್ತೋ ನಾಳೆಯೋ ಯಾರಾದರೂ ದಾರಿಯಲ್ಲಿ ನಿಂತು ಇಲ್ಲಿ ಬಿಡಬಹುದೇನಣ್ಣ ಎಂದು ನಿನ್ನನ್ನು ಕೇಳುತ್ತಾರೆ. ಜಗುಲಿಯ ಮೇಲೆ ಯಾರೇ ಕೂತು ನೋಡುತ್ತಿರಲಿ, ಕೈ ತೋರಿಸಬೇಡ. ಬಾಯಿ ಬಿಟ್ಟು ಹೇಳು.